ಕಾಡಿನಿಂದ ಬಂದ ಕ್ಯಾಸೆಟ್

ಗೋಪಿನಾಥಂ ಊರಿನ ಮಾರಿಯಮ್ಮನ ಗುಡಿಯಲ್ಲಿ ಒಬ್ಬ ಅರಣ್ಯಾಧಿಕಾರಿಯ ಫೋಟೊ ಇದೆ. ಹೆಸರು ಪಿ. ಶ್ರೀನಿವಾಸ್, ಡಿಸಿಎಫ್, ಅಂದರೆ ಉಪ ಅರಣ್ಯ ಸಂರಕ್ಷಣಾಧಿಕಾರಿ. ಆಂಧ್ರದ ರಾಜಮಂಡ್ರಿಯವರು. ಆ ಗುಡಿ ಕಟ್ಟಿಸಿಕೊಟ್ಟವರೂ ಅವರೇ. ಕುಡಿಯುವ ನೀರು, ಮನೆ, ಔಷಧಿ ಅಂತ ಊರಿಗೆ ಬೇಕಾದ್ದಕ್ಕೆಲ್ಲ ಓಡಾಡಿದವರು. ಅದೇ ಊರಲ್ಲಿ 1952ರಲ್ಲಿ ಹುಟ್ಟಿದವನು ಕಾಡುಗಳ್ಳ ವೀರಪ್ಪನ್. ಶರಣಾಗುತ್ತೇನೆ ಎಂದು ತಮ್ಮನ ಕೈಲಿ ಹೇಳಿಕಳಿಸಿ, ಆಯುಧ ಇಲ್ಲದೆ ನಡೆದು ಬಂದ ಶ್ರೀನಿವಾಸ್ ಅವರನ್ನು 1991ರ ನವೆಂಬರ್ 10ರಂದು ಗುಂಡಿಟ್ಟು ಕೊಂದು ತಲೆ ಕಡಿದವನೂ ಅವನೇ. ಅವರಿಗಾಗ 37 ವರ್ಷ. ಮರುವರ್ಷ ಸರ್ಕಾರ ಕೀರ್ತಿಚಕ್ರ ಕೊಟ್ಟಿತು. ತಲೆ ಸಿಕ್ಕಿದ್ದು ಸುಮಾರು ಮೂರು ವರ್ಷದ ನಂತರ.

ಊರು ಕರ್ನಾಟಕದ್ದು, ಮಾತು ತಮಿಳು, ಸಾಹೇಬರು ತೆಲುಗರು. ಊರಿನವರು ತಮ್ಮವನೇ ಆದ ವೀರಪ್ಪನ್‌ನನ್ನು ಬಿಟ್ಟು ಹೊರಗಿನಿಂದ ಬಂದ ಅಧಿಕಾರಿಯನ್ನು ಗುಡಿಯೊಳಗೆ ಇಟ್ಟುಕೊಂಡರು. ಇಷ್ಟೇ ಆಗಿದ್ದರೆ ಕತೆ ಸಲೀಸಾಗಿತ್ತು. ಕೆಟ್ಟವನು ಕೆಟ್ಟವನೇ, ಒಳ್ಳೆಯವರು ಒಳ್ಳೆಯವರೇ. ಆದರೆ ಪಾಲಾರ್ ದಾಟಿ ಮೆಟ್ಟೂರಿನ ಕಡೆಗೆ ಹೋದರೆ ಮೂಲಕ್ಕಾಡು ಅಂತ ಒಂದು ಊರು ಸಿಗುತ್ತದೆ. ಅಲ್ಲಿ ವೀರಪ್ಪನ್ ಸಮಾಧಿ ಇದೆ. ಅವನು ಸತ್ತ ದಿನ, ಪ್ರತಿ ಅಕ್ಟೋಬರ್ 18ಕ್ಕೆ ಅಲ್ಲಿಗೆ ಹೂವಿನ ಹಾರ ಹಿಡಿದು ಬರುವವರಿದ್ದಾರೆ. ಅವರ ಬಾಯಲ್ಲಿ ಅವನು ವೀರಪ್ಪನ್ ಅಲ್ಲ, ವೀರಪ್ಪನಾರ್.

ನೂರಕ್ಕೂ ಜಾಸ್ತಿ ಜನರನ್ನು ಕೊಂದವನಿಗೆ ಗೌರವ ಸೂಚಿಸುವ ಈ 'ಆರ್' ಎಲ್ಲಿಂದ ಬಂತು? ಇದಕ್ಕೆ ಉತ್ತರ ಹುಡುಕಲು ನಾನು ಹಿಡಿಯುವುದು ಅವನ ಮೀಸೆಯನ್ನೂ ಅಲ್ಲ, ಬಂದೂಕನ್ನೂ ಅಲ್ಲ. 2000ದಲ್ಲಿ ಡಾ. ರಾಜ್‌ಕುಮಾರ್ ಅಪಹರಣವಾದಾಗ ಕಾಡಿನಿಂದ ಬಂದ ಕ್ಯಾಸೆಟ್ಟಿನ ಬೇಡಿಕೆಗಳ ಪಟ್ಟಿಯನ್ನು.

ಮರ ಯಾರದ್ದು?

ಅದಕ್ಕೂ ಮೊದಲು ಗಂಧದ ಮರದ ವಿಷಯ ಹೇಳಬೇಕು. ಮೈಸೂರು ಸೀಮೆಯಲ್ಲಿ ಗಂಧ ರಾಜರ ಮರ. 1792ರಲ್ಲಿ ಟಿಪ್ಪು ಹಾಗೆ ಘೋಷಿಸಿದ. ಟಿಪ್ಪು ಹೋದ, ಒಡೆಯರು ಬಂದರು, ಬ್ರಿಟಿಷರು ಬಂದರು, ಸ್ವಾತಂತ್ರ್ಯ ಬಂತು. ಮರ ಮಾತ್ರ ಸರ್ಕಾರದ್ದಾಗಿಯೇ ಉಳಿಯಿತು. ನಿಮ್ಮ ಬೇಲಿ ಸಾಲಿನಲ್ಲಿ ತಾನಾಗಿ ಹುಟ್ಟಿದ ಗಂಧವೂ ನಿಮ್ಮದಾಗಿರಲಿಲ್ಲ. ಕಳುವಾದರೆ ತಲೆನೋವು ಮಾತ್ರ ನಿಮ್ಮದಾಗಿತ್ತು. ಹಾಗಾಗಿ ಹೊಲದಲ್ಲಿ ಗಂಧದ ಸಸಿ ಕಂಡರೆ ಕಿತ್ತು ಬಿಸಾಕುತ್ತಿದ್ದ ರೈತರಿದ್ದರು. ಈ ಕಾನೂನಿಗೆ ಕರ್ನಾಟಕ ತಿದ್ದುಪಡಿ ತಂದು, ಜಮೀನಿನ ಮರ ಜಮೀನಿನವನದೇ ಎಂದದ್ದು 2001ರಲ್ಲಿ.

ಬೆಟ್ಟದ ಹಳ್ಳಿಗಳಲ್ಲಿ ಆಗ ಬೇರೆ ಕೆಲಸವೂ ಕಡಿಮೆ. ಕದ್ದು ಗಂಧ ಕಡಿಯಲು, ಕೊರಡು ಹೊರಲು ಕೂಲಿ ಸಿಗುತ್ತಿತ್ತು. ಕಾನೂನಿನ ಕಣ್ಣಲ್ಲಿ ಕಳ್ಳನಾಗಿ ಕಂಡವನು ಮನೆಯವರ ಕಣ್ಣಿಗೆ ಕೂಲಿಗೆ ಹೋಗಿ ಬಂದವನು. ವೀರಪ್ಪನ್ ಈ ಜನರಿಗೆ ಕೆಲಸ ಕೊಟ್ಟ ಎನ್ನುವುದು ನಿಜ. ಅದನ್ನೇ ದಾನಧರ್ಮ ಅಂತ ಹಾಡಿ ಹೊಗಳುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಸಿಕ್ಕಿಬಿದ್ದು ಜೈಲಿಗೆ ಹೋದವನು ಕೂಲಿಯವನು. ಲಾಭ ಮೇಲಿನವರಿಗೆ ಮತ್ತು ಬೆಟ್ಟದ ಕೆಳಗಿದ್ದ ವ್ಯಾಪಾರಿಗಳಿಗೆ ಹೋಯಿತು.

ಆನೆಗಳ ಕತೆ ಇನ್ನೊಂದು. ನಮ್ಮ ಕಡೆಯ ಆನೆಗಳಲ್ಲಿ ದಂತ ಇರುವುದು ಗಂಡಿಗೆ ಮಾತ್ರ. ಹಾಗಾಗಿ ದಂತಕ್ಕೆ ಬಿದ್ದ ಆನೆಗಳೆಲ್ಲ ಗಂಡೇ. ಕಾಡಿನಲ್ಲಿ ಗಂಡು ಹೆಣ್ಣಿನ ಲೆಕ್ಕವೇ ಏರುಪೇರಾಯಿತು. ಆನೆ ಪರ ಮಾತಾಡಲು ಬೆಟ್ಟದಲ್ಲಿ ಯಾರೂ ಇರಲಿಲ್ಲ, ಇರುವ ಹಾಗೂ ಇರಲಿಲ್ಲ. ಇಲಾಖೆಗೆ ಸುಳಿವು ಕೊಟ್ಟ ಅನುಮಾನ ಬಂದರೂ ಸಾಕು, ವೀರಪ್ಪನ್ ಹಳ್ಳಿಯವರನ್ನೇ ಕೊಲ್ಲುತ್ತಿದ್ದ. ಅವನನ್ನು ಬಡವರ ಬಂಧು ಅನ್ನುವವರು ಈ ಹೆಣಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

1986ರಲ್ಲಿ ಅವನು ಬೆಂಗಳೂರಿನಲ್ಲಿ ಸಿಕ್ಕಿಬಿದ್ದಿದ್ದ. ಬೂದಿಪಡಗದ ಅರಣ್ಯ ಅತಿಥಿಗೃಹದಲ್ಲಿ ಕೂಡಿ ಹಾಕಿದ್ದರು. ಅಲ್ಲಿಂದ ತಪ್ಪಿಸಿಕೊಂಡ. ಹೇಗೆ ಅನ್ನುವುದಕ್ಕೆ ಊರಿಗೊಂದು ಕತೆ ಇದೆ. ಅವತ್ತು ಅವನು ಒಳಗೇ ಇದ್ದಿದ್ದರೆ ಮುಂದಿನದ್ದು ಯಾವುದೂ ಇರುತ್ತಿರಲಿಲ್ಲ.

ವರ್ಕ್‌ಶಾಪ್

1992ರ ಮೇನಲ್ಲಿ ರಾಮಾಪುರ ಪೊಲೀಸ್ ಠಾಣೆಗೆ ನುಗ್ಗಿ ಐವರು ಪೊಲೀಸರನ್ನು ಕೊಂದ. ಆಗಸ್ಟ್ 14ರಂದು ಮೀಣ್ಯಂ ಹತ್ತಿರ ಹೊಂಚು ಹಾಕಿ ಮೈಸೂರು ಎಸ್‌ಪಿ ಹರಿಕೃಷ್ಣ, ಸಬ್‌ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಮತ್ತು ಅವರ ಜೊತೆಗಿದ್ದವರನ್ನು ಕೊಂದ. ಶಕೀಲ್ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. 1993ರ ಏಪ್ರಿಲ್ 9ರಂದು ಪಾಲಾರ್ ಹತ್ತಿರ ನೆಲಬಾಂಬು ಸಿಡಿದು 22 ಜನ ಸತ್ತರು.

ಸರ್ಕಾರಗಳಿಗೆ ಸಿಟ್ಟು ಬರುವುದು ಸಹಜವೇ. ಎರಡೂ ರಾಜ್ಯಗಳ ವಿಶೇಷ ಕಾರ್ಯಪಡೆ, ಜನ ಕರೆಯುವ ಹಾಗೆ ಹೇಳಬೇಕೆಂದರೆ ಎಸ್‌ಟಿಎಫ್, ಬೆಟ್ಟ ಹತ್ತಿತು. ವೀರಪ್ಪನ್ ಸಿಗಲಿಲ್ಲ. ಸಿಕ್ಕವರು ಹಳ್ಳಿಯವರು, ದೊಡ್ಡಿಗಳಲ್ಲಿ ದನ ಮೇಯಿಸುವವರು, ಸೋಲಿಗರು. ಅನ್ನ ಹಾಕಿದ್ದೀಯಾ, ಅಕ್ಕಿ ಕೊಟ್ಟಿದ್ದೀಯಾ, ಎಲ್ಲಿದ್ದಾನೆ ಹೇಳು. ಮಾದಪ್ಪನ ಬೆಟ್ಟದ ಕ್ಯಾಂಪಿನಲ್ಲಿ ಇಂಥವರನ್ನು ವಿಚಾರಿಸುತ್ತಿದ್ದ ಜಾಗಕ್ಕೆ 'ವರ್ಕ್‌ಶಾಪ್' ಎಂದು ಹೆಸರಾಯಿತು. ಗಾಡಿ ರಿಪೇರಿ ಮಾಡುವ ಜಾಗದ ಹೆಸರು. ಅಲ್ಲಿ ಕರೆಂಟು ಕೊಡುತ್ತಿದ್ದರು, ನೇತು ಹಾಕುತ್ತಿದ್ದರು ಎಂದು ಹೊರಗೆ ಬಂದವರು ಹೇಳಿದರು. ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದಲ್ಲಿ ಈ ದೂರುಗಳನ್ನು ವಿಚಾರಿಸಲು ಒಂದು ಸಮಿತಿ ಮಾಡಿತು. ಸಿಬಿಐ ನಿರ್ದೇಶಕರಾಗಿದ್ದ ಸಿ.ವಿ. ನರಸಿಂಹನ್ ಇನ್ನೊಬ್ಬ ಸದಸ್ಯರು. ಬಂದೂಕಿನ ಪರ ನಿಲ್ಲುವ ಜನರೂ ಸುಮ್ನೆ ತಳ್ಳಿಹಾಕುವ ಹಾಗಿಲ್ಲದ ಜೋಡಿ ಅದು.

ಒಂದು ಕಡೆ ಮಾಹಿತಿ ಕೊಟ್ಟರೆ ವೀರಪ್ಪನ್ ಕೊಲ್ಲುತ್ತಾನೆ. ಇನ್ನೊಂದು ಕಡೆ ಕೊಡದಿದ್ದರೆ ಎಸ್‌ಟಿಎಫ್‌ನವರು ವರ್ಕ್‌ಶಾಪ್‌ಗೆ ಒಯ್ಯುತ್ತಾರೆ. ಹತ್ತಾರು ವರ್ಷ ಈ ಎರಡರ ನಡುವೆ ಬದುಕಿದವನಿಗೆ ವೀರಪ್ಪನ್ ಮೇಲೆ ಪ್ರೀತಿ ಇತ್ತೋ ಭಯ ಇತ್ತೋ ಅಂತ ಬೆಂಗಳೂರಿನಲ್ಲಿ ಕೂತು ತೀರ್ಮಾನ ಮಾಡುವುದು ಸುಲಭ. ನನಗನಿಸುವುದು ಇಷ್ಟು: ಅವನು ಜನರಿಗೆ ಏನಾದರೂ ಒಳ್ಳೆಯದು ಮಾಡಿ ಹೀರೊ ಆದವನಲ್ಲ. ಅವನನ್ನು ಹುಡುಕಲು ಬಂದವರು ಮಾಡಿದ್ದು ಅವನ ಖಾತೆಗೆ ಜಮೆಯಾಯಿತು.

ಧರ್ಮಪುರಿ ಜಿಲ್ಲೆಯ ವಾಚಾತಿಯನ್ನು ಇಲ್ಲಿ ಬಿಡುವ ಹಾಗಿಲ್ಲ. 1992ರ ಜೂನ್ 20. ಗಂಧ ಬಚ್ಚಿಟ್ಟಿದ್ದಾರೆ ಎಂದು ಅರಣ್ಯ, ಪೊಲೀಸ್, ಕಂದಾಯ ಮೂರೂ ಇಲಾಖೆಯ ಸಿಬ್ಬಂದಿ ಆ ಬುಡಕಟ್ಟು ಹಳ್ಳಿಗೆ ನುಗ್ಗಿದರು. ಮನೆ ಲೂಟಿ ಮಾಡಿದರು, ಜನರನ್ನು ಬಡಿದರು. 18 ಹೆಣ್ಣುಮಕ್ಕಳ ಮೇಲೆ ಅತ್ಯಾಚಾರವಾಯಿತು. ನೂರಕ್ಕೂ ಹೆಚ್ಚು ಜನರನ್ನು ಹಿಡಿದುಕೊಂಡು ಹೋದರು. ಆರೋಪಿಗಳ ಸಂಖ್ಯೆ 269. ಎಲ್ಲರೂ ಸರ್ಕಾರಿ ನೌಕರರು.

108 ದಿನ

2000ದ ಜುಲೈ 30, ಭೀಮನ ಅಮಾವಾಸ್ಯೆಯ ಆಸುಪಾಸು. ಅಣ್ಣಾವ್ರು ಹುಟ್ಟೂರು ಗಾಜನೂರಿನ ತೋಟದ ಮನೆಯಲ್ಲಿದ್ದರು. ಗಾಜನೂರು ಇರುವುದು ತಾಳವಾಡಿ ಕಡೆ, ಅಂದರೆ ತಮಿಳುನಾಡಿನಲ್ಲಿ. ಕನ್ನಡದ ಮನೆಮನೆಯ ಮಾತಾದವರ ಹುಟ್ಟೂರು ಗಡಿಯ ಆಚೆ, ತಮಿಳರ ಪರ ಎಂದುಕೊಂಡವನ ಹುಟ್ಟೂರು ಗಡಿಯ ಈಚೆ. ಭಾಷಾವಾರು ಪ್ರಾಂತ್ಯ ಮಾಡಿದವರು ಆ ಬೆಟ್ಟದಲ್ಲಿ ಗೆರೆ ಎಳೆದದ್ದು ಹೀಗೆ.

ರಾತ್ರಿ ಬಂದೂಕು ಹಿಡಿದು ಬಂದರು. 71 ವರ್ಷದ ರಾಜ್‌ಕುಮಾರ್, ಅಳಿಯ ಗೋವಿಂದರಾಜು, ಬಂಧು ನಾಗೇಶ್, ಸಹಾಯಕ ನಿರ್ದೇಶಕ ನಾಗಪ್ಪ, ನಾಲ್ವರನ್ನೂ ಕರೆದುಕೊಂಡು ಹೋದರು. ಹೋಗುವಾಗ ಪಾರ್ವತಮ್ಮನವರ ಕೈಗೆ ಒಂದು ಕ್ಯಾಸೆಟ್ ಕೊಟ್ಟರು. ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರಿಗೆ ತಲುಪಿಸಬೇಕಿತ್ತು.

ಆ ದಿನಗಳು ನನಗೆ ಚೆನ್ನಾಗಿ ನೆನಪಿವೆ. ಶಾಲೆಗೆ ರಜೆ, ಥಿಯೇಟರ್‌ಗಳಿಗೆ ಬೀಗ, ಬೆಂಗಳೂರಿನ ರಸ್ತೆಗಳಲ್ಲಿ ಕಲ್ಲು, ಬೆಂಕಿ. ನಮ್ಮ ಮನೆಯಲ್ಲಿ ಬೆಳಗಿನ ಪ್ರದೇಶ ಸಮಾಚಾರಕ್ಕೆ ರೇಡಿಯೊ ಹಾಕಿದರೆ ಕಾಫಿ ಲೋಟದ ಸದ್ದೂ ಇರುತ್ತಿರಲಿಲ್ಲ. ಬೆಳ್ಳಿತೆರೆ ಮೇಲೆ ಅರಣ್ಯಾಧಿಕಾರಿಯಾಗಿ ಕಳ್ಳರನ್ನು ಅಟ್ಟಾಡಿಸಿದವರನ್ನೇ ಕಾಡುಗಳ್ಳ ಹೊತ್ತೊಯ್ದಿದ್ದಾನೆ ಅನ್ನುವುದು ಮಕ್ಕಳಾದ ನಮಗೆ ಅರಗುತ್ತಲೇ ಇರಲಿಲ್ಲ. ಪಕ್ಕದ ಬೀದಿಯ ತಮಿಳರ ಮನೆಯವರು ಜೋರಾಗಿ ಮಾತಾಡುವುದನ್ನೇ ಬಿಟ್ಟಿದ್ದರು. ಅದು ಆಗ ನಮಗೆ ವಿಚಿತ್ರ ಅನಿಸಿರಲಿಲ್ಲ. ಈಗ ಅನಿಸುತ್ತದೆ.

ಸಂಧಾನಕಾರನಾಗಿ ಹೋದವರು 'ನಕ್ಕೀರನ್' ಪತ್ರಿಕೆಯ ಗೋಪಾಲ್. ಅವರು ಕಾಡಿಗೆ ಹೋಗುವುದು, ಬರುವುದು, ಮತ್ತೆ ಹೋಗುವುದು. ಸೆಪ್ಟೆಂಬರ್ ಕೊನೆಗೆ ನಾಗಪ್ಪ ತಪ್ಪಿಸಿಕೊಂಡು ಬಂದರು. ಕೊನೆಗೆ ತಮಿಳು ರಾಷ್ಟ್ರವಾದಿ ನಾಯಕ ಪಿ. ನೆಡುಮಾರನ್ ಮತ್ತಿತರರು ಹೋಗಿ ಮಾತಾಡಿದ ಮೇಲೆ ನವೆಂಬರ್ 15ರಂದು ಅಣ್ಣಾವ್ರು ಬಿಡುಗಡೆಯಾದರು. ಒಟ್ಟು 108 ದಿನ. ದುಡ್ಡು ಕೈ ಬದಲಾಯಿತು ಎಂಬ ಮಾತು ಎದ್ದಿತು, ಸರ್ಕಾರಗಳು ಅಲ್ಲಗಳೆದವು.

ಈಗ ಪಟ್ಟಿಗೆ ಬರೋಣ. ಕಾವೇರಿ ನೀರು ಬಿಡಬೇಕು. 1991ರ ಕಾವೇರಿ ಗಲಭೆಯಲ್ಲಿ ನೊಂದ ತಮಿಳರಿಗೆ ಪರಿಹಾರ ಕೊಡಬೇಕು. ಕರ್ನಾಟಕದಲ್ಲಿ ತಮಿಳು ಎರಡನೇ ಆಡಳಿತ ಭಾಷೆಯಾಗಬೇಕು. ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆಯ ಮುಸುಕು ತೆಗೆಯಬೇಕು. ಭಯೋತ್ಪಾದನೆ ತಡೆಯುವ ಟಾಡಾ ಕಾಯ್ದೆಯಡಿ ಕರ್ನಾಟಕದ ಜೈಲಿನಲ್ಲಿರುವ 51 ಜನರನ್ನು ಬಿಡಬೇಕು. ತಮಿಳುನಾಡಿನ ಜೈಲಿನಲ್ಲಿರುವ ಕೆಲವು ತಮಿಳು ಉಗ್ರರನ್ನು ಬಿಡಬೇಕು. ಎಸ್‌ಟಿಎಫ್‌ನಿಂದ ಹಾಳಾದವರಿಗೆ ಪರಿಹಾರ ಬೇಕು. ವಾಚಾತಿಗೆ ನ್ಯಾಯ ಬೇಕು. ಚಹಾ ತೋಟದ ಕೂಲಿ ಹೆಚ್ಚಬೇಕು.

ಆಗ ನಾವು ಈ ಪಟ್ಟಿಯನ್ನು ಒಂದೇ ಉಸಿರಿಗೆ ಓದಿ ಒಂದೇ ಉಸಿರಿಗೆ ಬೈದೆವು. ಕಾವೇರಿ, ಆಡಳಿತ ಭಾಷೆ ಅಂದ ಕೂಡಲೇ ಮೈ ಉರಿಯಿತು, ಉಳಿದದ್ದು ಕಿವಿಗೇ ಬೀಳಲಿಲ್ಲ. ಆ ಕಡೆಯವರೂ ಒಂದೇ ಉಸಿರಿಗೆ ಓದಿದರು. ತಮಿಳಿಗೆ, ಬಡವರಿಗೆ, ಕೂಲಿಗಳಿಗೆ ದನಿಯಾದವನು ಎಂದರು. ಅವನೊಳಗಿನ ಕಳ್ಳ ಆ ಕ್ಯಾಸೆಟ್ಟಿನಲ್ಲಿ ಮರೆಯಾಗಿ ನಾಯಕ ಮಾತಾಡತೊಡಗಿದ್ದ. ಆ ಹೊತ್ತಿಗೆ ಅವನ ಸುತ್ತ ತಮಿಳು ಉಗ್ರ ಸಂಘಟನೆಯ ಹುಡುಗರು ಸೇರಿಕೊಂಡಿದ್ದರು. ಕೆಲವು ಬೇಡಿಕೆಗಳ ಭಾಷೆ ಅವರದ್ದೇ ಎಂದು ಯಾರಿಗಾದರೂ ಗೊತ್ತಾಗುತ್ತದೆ. ಆನೆ ಹೊಡೆಯುತ್ತಿದ್ದವನಿಗೆ ಆಡಳಿತ ಭಾಷೆ ಯಾಕೆ ಬೇಕಿತ್ತು ಹೇಳಿ.

ಪಟ್ಟಿಯನ್ನು ಬಿಡಿಬಿಡಿಯಾಗಿ ಓದಿದರೆ ಬೇರೆಯೇ ಕಾಣುತ್ತದೆ. ತಿರುವಳ್ಳುವರ್ ಪ್ರತಿಮೆ ಹಲಸೂರಿನಲ್ಲಿ 18 ವರ್ಷ ಮುಸುಕು ಹಾಕಿಕೊಂಡು ನಿಂತಿತ್ತು. 2009ರ ಆಗಸ್ಟ್ 9ರಂದು ಮುಸುಕು ತೆಗೆದರು, ನಾಲ್ಕು ದಿನಕ್ಕೆ ಚೆನ್ನೈನಲ್ಲಿ ನಮ್ಮ ಸರ್ವಜ್ಞ ನಿಂತ. ಆಕಾಶ ಕಳಚಿ ಬೀಳಲಿಲ್ಲ. ಎಸ್‌ಟಿಎಫ್ ಸಂತ್ರಸ್ತರ ವಿಷಯದಲ್ಲಿ 2007ರ ಜನವರಿಯಲ್ಲಿ ಮಾನವ ಹಕ್ಕುಗಳ ಆಯೋಗ 89 ಜನರಿಗೆ ಒಟ್ಟು 2.80 ಕೋಟಿ ರೂಪಾಯಿ ಮಧ್ಯಂತರ ಪರಿಹಾರ ಕೊಡಿ ಎಂದಿತು. ಅಂದರೆ ಆ ಬೇಡಿಕೆ ಸುಳ್ಳಿನ ಮೇಲೆ ನಿಂತದ್ದಾಗಿರಲಿಲ್ಲ. ಕೇಳಿದ ಬಾಯಿ ಕೊಲೆಗಾರನದು, ಕೇಳಿದ ರೀತಿ ಒಬ್ಬ ಮುದುಕರ ತಲೆಗೆ ಬಂದೂಕಿಟ್ಟು. ಅಷ್ಟು ವರ್ಷ ಅದನ್ನೇ ಅರ್ಜಿ ಬರೆದು ಕೇಳಿದವರ ಮಾತು ಯಾವ ಕಚೇರಿಯಲ್ಲೂ ಮೇಜು ದಾಟಿರಲಿಲ್ಲ.

ಶಕೀಲ್ ಅವರ ತಂದೆ

ಇಡೀ ಪ್ರಕರಣದಲ್ಲಿ ನಾನು ಮತ್ತೆ ಮತ್ತೆ ಯೋಚಿಸುವುದು ಅಬ್ದುಲ್ ಕರೀಂ ಅವರ ಬಗ್ಗೆ. 1992ರಲ್ಲಿ ಸತ್ತ ಶಕೀಲ್ ಅಹಮದ್ ಅವರ ತಂದೆ. ತಾವೂ ಪೊಲೀಸ್ ಇಲಾಖೆಯಲ್ಲಿದ್ದು ನಿವೃತ್ತರಾದವರು.

ಅಣ್ಣಾವ್ರನ್ನು ಬಿಡಿಸಿಕೊಳ್ಳಲು ಸರ್ಕಾರ ಟಾಡಾ ಆರೋಪಿಗಳ ಮೇಲಿನ ಕೇಸು ವಾಪಸ್ ಪಡೆಯಲು ಹೊರಟಿತು. ಮೈಸೂರಿನ ವಿಶೇಷ ನ್ಯಾಯಾಲಯ ಒಪ್ಪಿಗೆಯನ್ನೂ ಕೊಟ್ಟಿತು. ಇಡೀ ರಾಜ್ಯ ದೇವರಿಗೆ ಹರಕೆ ಹೊರುತ್ತಿದ್ದ ಹೊತ್ತು. ಏನಾದರೂ ಕೊಟ್ಟು ಬಿಡಿಸಿ ತನ್ನಿ ಎನ್ನುವುದೇ ಎಲ್ಲರ ಮಾತು, ನಮ್ಮ ಮನೆಯದ್ದೂ ಅದೇ. ಆಗ ಕರೀಂ ಸುಪ್ರೀಂ ಕೋರ್ಟಿಗೆ ಹೋಗಿ, ನನ್ನ ಮಗನನ್ನು ಕೊಂದ ಆರೋಪ ಹೊತ್ತವರನ್ನು ವಿಚಾರಣೆ ಇಲ್ಲದೆ ಬಿಡಬೇಡಿ ಎಂದರು. ಅಂಥ ಹೊತ್ತಲ್ಲಿ ಅಂಥ ಅರ್ಜಿ ಹಾಕಲು ಎಂಥ ಎದೆ ಬೇಕು, ಅಲ್ವಾ? ಅಣ್ಣಾವ್ರಿಗೆ ಏನಾದರೂ ಆಗಿದ್ದರೆ ಆ ಹಿರಿಯರನ್ನು ಈ ನಾಡು ಹೇಗೆ ನೋಡುತ್ತಿತ್ತು ಎಂದು ಯೋಚಿಸಿದರೆ ಈಗಲೂ ಭಯವಾಗುತ್ತದೆ.

ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಕರೀಂ ಪರ ತೀರ್ಪು ಕೊಟ್ಟಿತು. ಕೇಸು ವಾಪಸ್ ಪಡೆಯುವ ಹಾಗಿಲ್ಲ. ಎಂಟು ದಿನಕ್ಕೆ ಅಣ್ಣಾವ್ರು ಹೇಗೂ ಮನೆಗೆ ಬಂದರು.

ಮರುವರ್ಷ, 2001ರಲ್ಲಿ, ಮೈಸೂರಿನ ಆ ನ್ಯಾಯಾಲಯದಲ್ಲಿ ತೀರ್ಪು ಬಂತು. ಕೆಲವರಿಗೆ ಜೀವಾವಧಿ ಶಿಕ್ಷೆಯಾಯಿತು. ಆರೋಪಿಗಳಲ್ಲಿ ಬಹುಪಾಲು ಜನ ಖುಲಾಸೆಯಾದರು. ಎಷ್ಟೋ ಜನ ಅಷ್ಟರಲ್ಲಿ ಏಳೆಂಟು ವರ್ಷ ಒಳಗೆ ಕಳೆದಿದ್ದರು. ವಿಚಾರಣೆ ಆಗಲೇಬೇಕು ಎಂದ ತಂದೆಯ ಮಾತು ಸರಿ. ಒಳಗಿದ್ದವರಲ್ಲಿ ತಪ್ಪು ಮಾಡದವರೇ ಜಾಸ್ತಿ ಎನ್ನುವುದೂ ಸರಿ. ಎರಡನ್ನೂ ಒಟ್ಟಿಗೆ ಹೇಳಿದರೆ ಇವತ್ತಿಗೂ ಎರಡೂ ಕಡೆಯಿಂದ ಬೈಗುಳ ಗ್ಯಾರಂಟಿ.

ಅಣ್ಣಾವ್ರ ಅಪಹರಣವಾದ ಎರಡು ವರ್ಷದ ನಂತರ ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು ಕಾಮಗೆರೆಯಿಂದ ಹೊತ್ತೊಯ್ದಾಗ ಈ ಸಂಭ್ರಮದ ಸಂಧಾನ ಇರಲಿಲ್ಲ. 2002ರ ಆಗಸ್ಟ್ 25ಕ್ಕೆ ಹೋದವರು, ಡಿಸೆಂಬರ್ 8ಕ್ಕೆ ಹೆಣವಾಗಿ ಸಿಕ್ಕರು. ವೀರಪ್ಪನ್ ಬಗ್ಗೆ ಅಷ್ಟಿಷ್ಟು ಮೆದುವಾಗಿದ್ದವರೂ ಆಗ ಬಾಯಿ ಮುಚ್ಚಿದರು.

ಸತ್ತ ಮೇಲೆ

2004ರ ಅಕ್ಟೋಬರ್ 18ರ ರಾತ್ರಿ ಧರ್ಮಪುರಿ ಜಿಲ್ಲೆಯ ಪಾಪಾರಪಟ್ಟಿ ಹತ್ತಿರ ಒಂದು ಆಂಬುಲೆನ್ಸ್ ನಿಂತಿತು. ಕಣ್ಣಿನ ಚಿಕಿತ್ಸೆಗೆಂದು ಅದರಲ್ಲಿ ಕೂತಿದ್ದ ವೀರಪ್ಪನ್, ಜೊತೆಗೆ ಸೇತುಕುಳಿ ಗೋವಿಂದನ್, ಚಂದ್ರೇಗೌಡ, ಸೇತುಮಣಿ. ಗಾಡಿಯೇ ಪೊಲೀಸರದ್ದು. ಕೆ. ವಿಜಯ್ ಕುಮಾರ್ ನೇತೃತ್ವದ ತಮಿಳುನಾಡು ಎಸ್‌ಟಿಎಫ್ ಗುಂಡು ಹಾರಿಸಿತು, ನಾಲ್ವರೂ ಸತ್ತರು. ಮರುದಿನ ಪತ್ರಿಕೆಗಳಲ್ಲಿ ಬಂದ ಹೆಣದ ಫೋಟೊ ನೋಡಿ ಬಹಳ ಜನ ಇವನು ಅವನಲ್ಲ ಎಂದರು. ಮೀಸೆ ಕತ್ತರಿಸಿ ಚಿಕ್ಕದಾಗಿತ್ತು. ಆ ಮುಖದಲ್ಲಿ ಒಬ್ಬ ಬಡಕಲು ನಡುವಯಸ್ಸಿನ ಹಳ್ಳಿಯವನು ಬಿಟ್ಟರೆ ಏನೂ ಇರಲಿಲ್ಲ. ಅಷ್ಟು ದಿನ ಎರಡೂ ರಾಜ್ಯ ಹೆದರಿದ್ದು, ಆರಾಧಿಸಿದ್ದು ಆ ಮೀಸೆಯನ್ನೇ ಏನೋ.

ಮೂಲಕ್ಕಾಡಿನಲ್ಲಿ ಹೂಳುವಾಗ ಸಾವಿರಾರು ಜನ ಸೇರಿದರು. ಮಗಳು ವಿದ್ಯಾರಾಣಿ ಓದಿ ವಕೀಲೆಯಾದರು, 2020ರಲ್ಲಿ ಬಿಜೆಪಿ ಸೇರಿದರು, 2024ರಲ್ಲಿ ನಾಮ್ ತಮಿಳರ್ ಕಚ್ಚಿಯಿಂದ ಕೃಷ್ಣಗಿರಿಯಲ್ಲಿ ಲೋಕಸಭೆಗೆ ನಿಂತು ಸೋತರು. ಅಪ್ಪನ ತಪ್ಪಿಗೆ ಮಗಳನ್ನು ಹೊಣೆ ಮಾಡುವುದು ನ್ಯಾಯವಲ್ಲ. ಅಪ್ಪನ ಹೆಸರಿಗೆ ಬೀಳುವ ವೋಟು ಎಲ್ಲಿಂದ ಬರುತ್ತದೆ ಎನ್ನುವುದು ಮಾತ್ರ ಕೇಳಬೇಕಾದ ಪ್ರಶ್ನೆಯೇ.

ರಾಜ್‌ಕುಮಾರ್ ಅಪಹರಣದ ಕೇಸು ಗೋಬಿಚೆಟ್ಟಿಪಾಳಯಂ ನ್ಯಾಯಾಲಯದಲ್ಲಿ ನಡೆಯುತ್ತಲೇ ಇತ್ತು. 2018ರ ಸೆಪ್ಟೆಂಬರ್‌ನಲ್ಲಿ ತೀರ್ಪು ಬಂದಾಗ ಅಣ್ಣಾವ್ರು ತೀರಿಕೊಂಡು 12 ವರ್ಷ, ವೀರಪ್ಪನ್ ಸತ್ತು 14 ವರ್ಷ. ಉಳಿದಿದ್ದ ಒಂಬತ್ತು ಆರೋಪಿಗಳೂ ಖುಲಾಸೆ.

ಕ್ಯಾಸೆಟ್ಟಿನ ಪಟ್ಟಿಯಲ್ಲಿ ವಾಚಾತಿ ಇತ್ತು ಎಂದೆನಲ್ಲ. 2011ರಲ್ಲಿ ಧರ್ಮಪುರಿ ನ್ಯಾಯಾಲಯ ಬದುಕಿದ್ದ 215 ನೌಕರರನ್ನೂ ಅಪರಾಧಿಗಳು ಎಂದಿತು. 54 ಜನ ಅಷ್ಟರಲ್ಲಿ ಸತ್ತಿದ್ದರು. 17 ಜನರ ಮೇಲೆ ಅತ್ಯಾಚಾರದ ಅಪರಾಧ ಸಾಬೀತಾಯಿತು. ಮೇಲ್ಮನವಿ ಹೋಯಿತು. 2023ರ ಸೆಪ್ಟೆಂಬರ್ 29ರಂದು ಮದ್ರಾಸ್ ಹೈಕೋರ್ಟ್ ಶಿಕ್ಷೆ ಎತ್ತಿಹಿಡಿದು, ಆ ಹೆಣ್ಣುಮಕ್ಕಳಿಗೆ ತಲಾ 10 ಲಕ್ಷ ಕೊಡಿ, ಅದರಲ್ಲಿ ಅರ್ಧ ಅಪರಾಧಿಗಳಿಂದಲೇ ವಸೂಲಿ ಮಾಡಿ ಎಂದಿತು. ಕ್ಯಾಸೆಟ್ ಬಂದು 23 ವರ್ಷವಾಗಿತ್ತು. ಊರಿಗೆ ಇಲಾಖೆಯ ಗಾಡಿಗಳು ಬಂದು 31.